ಅಪ್ಪನೆದುರಿನ ನಡಿಗೆ

“ನಿನ್ನ ಕಾಲನ್ನ ನಾನೇ ಮಾಡ್ತೀನಿ ಮರಿ. ಬೇರೆ ಯಾರ ಕೈಗೂ ಕೊಡಲ್ಲ,” ಎಂದು ಮಾತು ಕೊಟ್ಟಾಗ ಮಗಳಿಗೆ ಏಳು ವರ್ಷ. ಮೊಣಕಾಲಿನ ಕೆಳಗೆ ಕಾಲು ತೆಗೆದಿದ್ದರು. ಬ್ಯಾಂಡೇಜು ಇನ್ನೂ ಬಿಚ್ಚಿರಲಿಲ್ಲ. ಕೃತಕ ಕಾಲು ಮಾಡುವುದೇ ನನ್ನ ಕೆಲಸವಾದ್ದರಿಂದ ಅದು ಬರೀ ಬಾಯಿಮಾತಿನ ಸಮಾಧಾನವಾಗಿರಲಿಲ್ಲ. ಅವಳು ಬೆಳೆದ ಹಾಗೆಲ್ಲ ಮಾಡಿದೆ. ಬೇರೆ ಮಕ್ಕಳಿಗೆ ಅಂಗಿ ಗಿಡ್ಡವಾಗುತ್ತದೆ, ನನ್ನ ಮಗಳಿಗೆ ಕಾಲು ಗಿಡ್ಡವಾಗುತ್ತಿತ್ತು. ಅವಳ ಅಮ್ಮ ತೀರಿಕೊಂಡ ಮೇಲಂತೂ ಮನೆಯಲ್ಲಿ ನಾವಿಬ್ಬರೇ. ಮಾತು ಸಿಗದ ದಿನ ಕಾಲಿನ ವಿಷಯ ತೆಗೆದರೆ ಊಟ ಮುಗಿಯುವವರೆಗೆ ಸಾಲುತ್ತಿತ್ತು.

ಈಗ ಕಾಲೇಜಿನ ಗೆಳತಿಯರ ಜೊತೆ ಬೆಟ್ಟ ಹತ್ತಲೇಬೇಕು ಎಂದು ಹಟ ಹಿಡಿದಳು. ರಸ್ತೆಗೆಂದು ಮಾಡಿದ ಕಾಲು ಬೆಟ್ಟಕ್ಕಾಗದು. ಜಲ್ಲಿಯ ಮೇಲೆ ಜಾರುತ್ತದೆ, ಇಳಿಜಾರಿನಲ್ಲಿ ಮುಂದಕ್ಕೆ ದಬ್ಬುತ್ತದೆ. ಹಾಗಾಗಿ ಇಳುಕಲಿಗೆ ತಕ್ಕಂತೆ ಬಾಗುವ ಪಾದ ಹಾಕಿದೆ, ಅದರ ಅಡಿಗೆ ಹಳೆಯ ಬೈಕಿನ ಟೈರು ಕತ್ತರಿಸಿ ಅಂಟಿಸಿದೆ. ಉಳಿದ ಕಾಲಿನ ಮೊಂಡುತುದಿ ಕೂರುವ ಬಟ್ಟಲನ್ನು, ನಾವು ಸಾಕೆಟ್ ಅನ್ನುವುದನ್ನು, ಹೊಸದಾಗಿ ಅಚ್ಚು ತೆಗೆದು ಮಾಡಿದೆ.

ವರ್ಕ್‌ಶಾಪಿನಲ್ಲಿ ಕೈಯೂರಿ ನಡೆಯಲೆಂದು ಹಾಕಿದ ಜೋಡಿ ಕಂಬಿಗಳ ನಡುವೆ ನಡೆಸಿ ನೋಡಿದರೆ ಗೆರೆ ಎಳೆದಂತೆ ನಡೆದಳು.

“ಎಲ್ಲಾದ್ರೂ ಒತ್ತುತ್ತಾ?”

“ಇಲ್ಲಪ್ಪ, ಬೆಣ್ಣೆ ಥರ ಇದೆ.”

ಭಾನುವಾರ ಮನೆ ಹಿಂದಿನ ದಿಬ್ಬ ಹತ್ತಿ ಬಂದವಳು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಚರ್ಮ ಕಿತ್ತುಬಂದಿತ್ತು. ಪಾದದ ಓರೆ ಬದಲಿಸುವ ಸ್ಕ್ರೂ ತಿರುಗಿಸಿ ತಿದ್ದಿದೆ. ಮತ್ತೆ ಕಂಬಿಗಳ ನಡುವೆ ಬೆಣ್ಣೆ, ದಿಬ್ಬದಲ್ಲಿ ರಕ್ತ. ಹೀಗೇ ಆದರೆ ಬೆಟ್ಟ ಹಾಗಿರಲಿ, ಕಾಲೇಜಿಗೂ ಕಾಲು ಹಾಕಿಕೊಂಡು ಹೋಗುವಂತಿಲ್ಲ.

ನನ್ನ ಪಕ್ಕದ ಮೇಜಿನಲ್ಲಿ ಕಾಲು ಕಟ್ಟುವವಳನ್ನು ಎಲ್ಲರೂ ರೇಡಿಯೋ ಅನ್ನುತ್ತಾರೆ. ಬಾಯಿ ಮುಚ್ಚಿದ್ದು ಕಂಡವರಿಲ್ಲ. ಅವತ್ತು ಮಾತ್ರ ಮೆತ್ತಗೆ ಹೇಳಿದಳು.

“ಸರ್, ಬೇಜಾರು ಮಾಡ್ಕೋಬೇಡಿ. ನಿಮ್ಮ ಮಗಳು ನಿಮ್ಮೆದುರು ನಡೆಯಲ್ಲ, ಪರೀಕ್ಷೆ ಬರೀತಾಳೆ.”

“ಹಾಗಂದ್ರೆ?”

“ನಿನ್ನೆ ಬಸ್‌ಸ್ಟಾಪಲ್ಲಿ ನೋಡ್ದೆ. ಸೊಂಟ ಎತ್ತಿ ಎತ್ತಿ ಹಾಕ್ತಿದ್ಲು. ಇಲ್ಲಿಯ ನಡಿಗೆ ನೋಡಿ ಸ್ಕ್ರೂ ತಿರುಗಿಸಿದ್ರೆ ಅಲ್ಲಿಗೆ ಹೇಗೆ ಸರಿಹೋಗುತ್ತೆ?”

“ನನಗೇ ಕಾಲು ಕಟ್ಟೋದು ಹೇಳಿಕೊಡ್ತೀಯಾ?”

“ಕಟ್ಟೋದು ನಿಮ್ಮಿಂದಲೇ ಕಲ್ತಿದ್ದು. ನಾನು ಅವಳ ಅಪ್ಪ ಅಲ್ವಲ್ಲ, ಅದಕ್ಕೇ ಕಾಣ್ಸುತ್ತೆ.”

ಸಿಟ್ಟೆಲ್ಲ ಮನೆಗೆ ಹೊತ್ತುಕೊಂಡು ಹೋದೆ. “ನೋವಾದ್ರೆ ಬಾಯಿಬಿಟ್ಟು ಹೇಳೋಕೇನು ನಿಂಗೆ?”

“ನಿದ್ದೆಗೆಟ್ಟು ಮಾಡಿರ್ತೀಯ. ಒತ್ತುತ್ತೆ ಅಂದ್ರೆ ನಿನ್ನ ಮುಖ ಇಷ್ಟೇ ಇಷ್ಟಾಗುತ್ತೆ.”

ನಾನು ಮುಖ ತಿರುಗಿಸಿದೆ.

“ನೋಡು, ಈಗ್ಲೇ ಆಯ್ತು,” ಅಂದಳು.

ಮರುದಿನ ಕಂಬಿಗಳ ನಡುವೆ ನಿಲ್ಲಿಸಿದಾಗ ಎಲ್ಲೆಲ್ಲಿ ಒತ್ತುತ್ತದೆ ಎಂದು ಹೇಳಿದಳೇನೋ ನಿಜ. ನಡೆದದ್ದು ಮಾತ್ರ ಅದೇ ಗೆರೆ ಎಳೆದ ನಡಿಗೆ. ಬೇಕೆಂದು ಮಾಡುತ್ತಿರಲಿಲ್ಲ, ಪಾಪ. ನನ್ನ ಕಣ್ಣು ಬಿದ್ದರೆ ಅವಳ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ಸ್ಕ್ರೂ ತಿರುಗಿಸುವ ಕೀಲಿಯನ್ನು ರೇಡಿಯೋ ಕೈಗಿಟ್ಟು, ಅಚ್ಚು ತೆಗೆಯುವ ಪ್ಲಾಸ್ಟರ್ ಕೋಣೆಗೆ ಹೋಗಿ ಬಾಗಿಲು ಎಳೆದುಕೊಂಡೆ.

ಗೋಡೆಯಾಚೆ ಹೆಜ್ಜೆ ಕೇಳಿಸಿತು. ಒಂದು ಗಟ್ಟಿ, ಒಂದು ಎಳೆತ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಆ ಸದ್ದು ನನಗೆ ಗುರುತಿರಲಿಲ್ಲ.

“ಅಯ್ಯೋ ಅಕ್ಕ, ಜೀವ ಹೋಗುತ್ತೆ ಇಲ್ಲಿ!”

“ಎಲ್ಲಿ, ತೋರ್ಸು. ನನ್ನ ಹತ್ರಾನೂ ಬೆಣ್ಣೆ ಬೆಣ್ಣೆ ಅಂದ್ರೆ ಒದೀತೀನಿ.”

“ಯಾವ ಕಾಲಿಗೆ?”

ಇಬ್ಬರೂ ಬಿದ್ದು ಬಿದ್ದು ನಕ್ಕರು. ನನ್ನೆದುರು ಅವಳು ಕಾಲಿನ ಬಗ್ಗೆ ತಮಾಷೆ ಮಾಡಿದ್ದೇ ಇಲ್ಲ. ಬಕೆಟ್ಟಿಗೆ ಮೆತ್ತಿದ್ದ ಒಣ ಪ್ಲಾಸ್ಟರನ್ನು ಕೆರೆಯುತ್ತ ಕೂತೆ. ಯಾರೂ ನನ್ನನ್ನು ಕರೆಯಲಿಲ್ಲ.

ರೇಡಿಯೋ ನಾನು ಮಾಡಿದ ಕಾಲನ್ನು ಪಕ್ಕಕ್ಕಿಟ್ಟು, ತಾನೇ ಅಚ್ಚು ತೆಗೆದು, ಪೂರ್ತಿ ಹೊಸದು ಮಾಡಿದಳು. ಮಗಳು ಅದನ್ನು ಹಾಕಿಕೊಂಡು ದಿಬ್ಬ ಹತ್ತಿಳಿದಳು, ಗಾಯವಾಗಲಿಲ್ಲ.

ಶನಿವಾರ ಬೆಳಿಗ್ಗೆ ಬೆನ್ನಿಗೆ ಚೀಲ ಹಾಕಿ ಹೊರಟಳು. “ಬಾಗಿಲು ಹಾಕ್ಕೋಪ್ಪ,” ಅಂದಳು. ಹಾಕಿಕೊಂಡೆ. ಕಿಟಕಿಯ ಹತ್ತಿರ ಹೋಗಲಿಲ್ಲ. ಒಬ್ಬನಿಗೇ ಅನ್ನಕ್ಕಿಡಲು ಎಷ್ಟು ಅಕ್ಕಿ ಬೇಕೆಂದು ಗೊತ್ತಾಗದೆ ಡಬ್ಬಿ ಹಿಡಿದು ತುಸು ಹೊತ್ತು ನಿಂತಿದ್ದೆ.

ಸಂಜೆ ಫೋನ್ ಬಂತು. ತುದಿ ಮುಟ್ಟಿದ್ದಳು. ಗಾಳಿಯ ಸದ್ದಿನಲ್ಲಿ ಉಳಿದದ್ದು ಕೇಳಿಸಲಿಲ್ಲ.

ಆ ಕಾಲನ್ನು ಮಾಡಿದ್ದು ನಾನಲ್ಲ. ಮಗಳಿಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳಲಿಲ್ಲ.