ಮೇಲಿನ ಕೋಣೆಯ ಹೊಗೆ

ಬೀದಿಯ ಆಚೆ ಬದಿಗೆ ನಿಂತು ಗ್ಯಾಸ್ ಮೇಸ್ತ್ರಿ ವಿಲ್ಫ್ರೆಡ್ ಕತ್ತೆತ್ತಿ ನೋಡುತ್ತಿದ್ದ. ಹ್ಯಾಲಿಫ್ಯಾಕ್ಸಿನ ಆ ಇಳಿಜಾರಿನಲ್ಲಿ ಒಂದಕ್ಕೊಂದು ಅಂಟಿಕೊಂಡ ಮನೆಗಳ ನಡುವೆ ಒಂದೇ ಒಂದು ಚಿಮಣಿಯಿಂದ ಬಿಳಿ ಹೊಗೆ ಏಳುತ್ತಿತ್ತು.

“ಏನ್ ಯಜಮಾನ್ರೇ, ಬಿಳಿ ಹೊಗೆ ಬಂತು, ರೋಮಲ್ಲಿ ಹೊಸ ಪೋಪ್ ಸಿಕ್ಕಿದ್ರಾ?” ಬಾಗಿಲಲ್ಲಿ ನಿಂತ ಡೋರೀನ್ ಕೂಗಿದಳು.

“ಸಿಕ್ಕಿದ್ರು. ಆದ್ರೆ ಮೇಲಿನ ಕೋಣೆ ನೋಡ್ದೆ ಪಟ್ಟ ಕಟ್ಟೋ ಹಾಗಿಲ್ಲ.”

“ಅಲ್ಲೇನಿದೆ ಮಣ್ಣು! ಆ ಒಲೆ ಮುಚ್ಚಿ, ಕಾಗದ ಅಂಟ್ಸಿ ಮೂವತ್ತು ವರ್ಷ ಆಯ್ತು.”

ಹಳೆಯ ಗ್ಯಾಸಿನ ಅಗ್ಗಿಷ್ಟಿಕೆಯನ್ನು ಅವನು ಬೆಳಿಗ್ಗೆಯೇ ಕಿತ್ತಿದ್ದ. ಹೊಸದನ್ನು ಕೂರಿಸುವ ಮುಂಚೆ ಕಿಟಕಿ ಬಾಗಿಲು ಮುಚ್ಚಿ, ಒಲೆಗೂಡಿನಲ್ಲಿ ಬಿಳಿ ಹೊಗೆ ಕಾರುವ ಹೊಗೆಗುಳಿಗೆ ಹಚ್ಚಿ, ಹೊಗೆ ಎಲ್ಲೆಲ್ಲಿ ಹೊರಬರುತ್ತದೆ ಎಂದು ನೋಡಬೇಕು. ಕೆಳಗಿನ ಒಲೆಗೊಂದು, ಮೇಲಿನದಕ್ಕೊಂದು ಹೊಗೆದಾರಿ. ನಡುವೆ ಒಂದೇ ಇಟ್ಟಿಗೆಯ ಗೋಡೆ. ಅದರ ಗಾರೆ ಉದುರಿದ್ದರೆ ಅರ್ಧ ಹೊಗೆ ಪಕ್ಕದ ದಾರಿ ಹಿಡಿಯುತ್ತದೆ. ಬೀದಿಯಲ್ಲಿ ನಿಂತವನಿಗೆ ಅದು ಕಾಣುವುದಿಲ್ಲ.

ಹನ್ನೊಂದು ವರ್ಷದ ಹಿಂದೆ, ಆ ಅಗ್ಗಿಷ್ಟಿಕೆ ಕೂರಿಸಿದ ದಿನ, ಅವನು ಬೀದಿಯಿಂದಷ್ಟೇ ನೋಡಿದ್ದ. ಇವತ್ತು ತಿರುವಿನಲ್ಲೇ ಮನೆಯ ಗುರುತು ಸಿಕ್ಕಿತ್ತು. ಆಗ ಮದುವೆಯಾಗಿ ಬೇರೆ ಊರಲ್ಲಿದ್ದ ಡೋರೀನ್‌ಗೆ ಅವನು ಯಾರೋ. ಅಂದು ಅವನು ಮೆಟ್ಟಿಲ ಮೇಲೆ ಕಾಲಿಡುತ್ತಿದ್ದಂತೆ ಅವಳ ತಾಯಿ ತುಟಿಯ ಮೇಲೆ ಬೆರಳಿಟ್ಟಿದ್ದಳು. “ನಮ್ಮನೆಯವ್ರು ರಾತ್ರಿ ಪಾಳಿ ಮಾಡಿ ಬಂದು ಈಗಷ್ಟೇ ಕಣ್ಣು ಮುಚ್ಚಿದಾರೆ.” ಗಿರಣಿಯ ಊರು, ರಾತ್ರಿ ದುಡಿದು ಮಲಗಿದವನನ್ನು ಯಾರೂ ಎಬ್ಬಿಸರು. ಮಕ್ಕಳು ಕೂಡ ಚೆಂಡು ತೆಗೆದುಕೊಂಡು ಪಕ್ಕದ ಬೀದಿಗೆ ಹೋಗುತ್ತಿದ್ದ ಕಾಲ. ವಿಲ್ಫ್ರೆಡ್ ಕಾಲು ಹಿಂದೆಗೆದು, ಹೊಗೆದಾರಿ ಸರಿಯಿದೆ ಎಂಬ ಚೀಟಿಗೆ ಸಹಿ ಹಾಕಿದ್ದ.

ಈಗ ಮೇಲಿನ ಕೋಣೆಯ ಬಾಗಿಲು ತೆರೆದ. ಮುಚ್ಚಿದ ಒಲೆಯ ಮೇಲಿನ ಹೂವಿನ ಕಾಗದ ಅಂಚಿನಲ್ಲಿ ಬಿಟ್ಟಿತ್ತು. ಅಲ್ಲಿಂದ ಹೊಗೆ ಎಳೆಯಾಗಿ ಹೊರಟು ಮಂಚದ ಮೇಲೆ ತೂಗುತ್ತಿತ್ತು.

“ಅಪ್ಪನ ಕೋಣೆ,” ಹಿಂದೆ ಬಂದ ಡೋರೀನ್ ಅಂದಳು. ಅವಳ ಗಮನ ಇನ್ನೂ ಒಲೆಯತ್ತ ಹೋಗಿರಲಿಲ್ಲ. “ಕೊನೇ ಚಳಿಗಾಲ ಎದ್ದಾಗೆಲ್ಲ ತಲೆನೋವು ಅನ್ನೋರು. ಯಾರೋ ಬಂದು ನಿಂತಿರ್ತಾರೆ, ಮಾತಾಡಲ್ಲ ಅನ್ನೋರು. ‘ಬಿಯರ್ ಕಮ್ಮಿ ಮಾಡಿ, ಅವ್ರೂ ಬರಲ್ಲ’ ಅಂತ ಅಮ್ಮ ಆಡ್ಕೊಳ್ತಿದ್ಲು. ಒಂದಿನ ಏಳ್ಲೇ ಇಲ್ಲ. ಡಾಕ್ಟ್ರು ಹೃದಯ ಅಂದ್ರು.”

“ಯಾವ ವರ್ಷ?”

“ಕೆಳಗೆ ಗ್ಯಾಸ್ ಅಗ್ಗಿಷ್ಟಿಕೆ ಹಾಕ್ಸಿದ್ರಲ್ಲ, ಆ ವರ್ಷ. ಅಪ್ಪಂಗೂ ಬೆಚ್ಚಗಿರ್ಲಿ ಅಂತ ಅಮ್ಮ ದಿನವಿಡೀ ಉರಿಸ್ತಿದ್ಲು...”

ಅವಳು ಹೊಗೆ ನೋಡಿದ್ದಳು.

ಉರಿದ ಗ್ಯಾಸಿನ ವಿಷಕ್ಕೆ ಈ ಬಣ್ಣವಾಗಲಿ ವಾಸನೆಯಾಗಲಿ ಇರುವುದಿಲ್ಲ. ಮಲಗಿದವನು ಹಾಗೇ ಉಳಿದುಬಿಡುತ್ತಾನೆ. ವಿಲ್ಫ್ರೆಡ್‌ಗೆ ಅದನ್ನು ಬಿಡಿಸಿ ಹೇಳುವ ಅಗತ್ಯ ಕಾಣಲಿಲ್ಲ. ಆ ಚೀಟಿ ಎಂದೋ ಕಳೆದಿರುತ್ತದೆ. ಹೊಗೆದಾರಿಗೆ ಉಕ್ಕಿನ ಕೊಳವೆ ಇಳಿಸಬೇಕು ಎಂದಷ್ಟೇ ಹೇಳಿ ಹೊರಟುಬಿಡಬಹುದು. ‘ನಿಮ್ಮಮ್ಮನೇ ಬೇಡ ಅಂದ್ರು’ ಎಂಬ ಮಾತೂ ನಾಲಿಗೆಯ ತುದಿಗೆ ಬಂತು. ತಾಯಿ ಈಗ ಗುಡ್ಡದ ಸ್ಮಶಾನದಲ್ಲಿ, ಗಂಡನ ಪಕ್ಕ. ಅವನು ಅದನ್ನು ನುಂಗಿಕೊಂಡ.

“ಆ ಅಗ್ಗಿಷ್ಟಿಕೆ ಹಾಕಿದ್ದು ನಾನೇ,” ಅಂದ. “ಅವತ್ತು ಮೇಲೆ ಬಂದು ನೋಡ್ಲಿಲ್ಲ.”

ಅವನು ಕಿಟಕಿಯ ಚಿಲಕಕ್ಕೆ ಕೈ ಹಾಕಿದ.

“ತೆಗೀಬೇಡಿ.” ಡೋರೀನ್ ದನಿ ಸಣ್ಣಗಾಗಿತ್ತು. “ಇನ್ನೊಂದು ಗುಳಿಗೆ ಇದೆಯಾ?”

“ಇದೆ.”

“ಹೋಗಿ ಹಚ್ಚಿ. ಅಪ್ಪ ಮಲಗ್ತಿದ್ದ ಕಡೆಯಿಂದ ನಾನೂ ನೋಡ್ಬೇಕು. ಬಾಗ್ಲು ಹಾಕ್ಕೊಂಡು ಹೋಗಿ.”

ಅವನು ಕೆಳಗಿಳಿದು, ಒಲೆಗೂಡಿನ ಮುಂದೆ ಮಂಡಿಯೂರಿ ಕಡ್ಡಿ ಗೀರಿದ. ತಲೆಯ ಮೇಲೆ ಶೂ ಕಳಚಿಟ್ಟ ಸದ್ದಾಯಿತು, ಒಂದು, ಆಮೇಲೆ ಇನ್ನೊಂದು. ಮಂಚ ಕಿರುಗುಟ್ಟಿತು. ಗುಳಿಗೆ ಹೊತ್ತಿಕೊಂಡು, ಹೊಗೆ ಸುತ್ತಿ ಸುತ್ತಿ ಕತ್ತಲ ಗೂಡಿನೊಳಕ್ಕೆ ಏರಿತು. ಮೇಲಿಂದ ಮತ್ತೆ ಸದ್ದು ಬರಲಿಲ್ಲ.