ಇನ್ನೊಬ್ಬನ ಜೆರ್ಸಿ

ಮಸ್ಕತ್ತಿನ ಅಲ್ ಅಜೈಬಾದ ನಮ್ಮ ಆಫೀಸಿನಲ್ಲಿ ನನ್ನ ಕೆಲಸ ಅಮೆರಿಕದ ಕಾಲೇಜುಗಳ ಹಳೆಯ ಆಟದ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸುವುದು. ಈ ವರ್ಷ ಸಿಕ್ಕಿದ್ದು ಒಂದು ಸಣ್ಣ ಕಾಲೇಜಿನ ೧೯೫೩ರ ಫುಟ್‌ಬಾಲ್ ತಂಡ. ಹೆಸರಿಗೆ ಫುಟ್‌ಬಾಲ್, ಕಾಲಿಗಿಂತ ಕೈಗೇ ಕೆಲಸ ಹೆಚ್ಚು. ಮೊಟ್ಟೆಯಂಥ ಚೆಂಡನ್ನು ಎದೆಗವಚಿ ಓಡಬೇಕು, ಎದುರಿನವರು ಹಿಡಿದು ಕೆಡವಬೇಕು, ಕೊನೆಯ ಗೆರೆ ದಾಟಿದರೆ ಆರು ಅಂಕ. ನಮ್ಮ ಕಬಡ್ಡಿಯೇ, ಉಸಿರು ಬಿಡಬಹುದು ಅಷ್ಟೆ. ಆ ಬಡಪಾಯಿ ತಂಡ ಎಂಟು ಪಂದ್ಯ ಸೋತು ಒಂಬತ್ತನೆಯದನ್ನು ಆರು–ಸೊನ್ನೆಯಿಂದ ಗೆದ್ದಿತ್ತು. ಗೆಲ್ಲಿಸಿದ್ದು ೨೭ನೇ ನಂಬರಿನ ಆಟಗಾರ ಎಂದು ಅಂದಿನ ಪತ್ರಿಕೆ ಬರೆದಿತ್ತು. ನಾನೂ ಹಾಗೇ ಏರಿಸಿದೆ.

ತಿಂಗಳ ಮೇಲೆ ಓಲಿವಿಯಾ ಎಂಬ ಮಹಿಳೆಯ ಇಮೇಲ್ ಬಂತು. ಗೆರೆ ದಾಟಿದ್ದು ಆಕೆಯ ತಂದೆ ಡಿಯೋನ್ ಅಂತೆ. ಕೆಸರಿನಲ್ಲಿ ಅವರ ಜೆರ್ಸಿ ಹರಿದು, ಗಾಯವಾಗಿ ಹೊರಗೆ ಕೂತಿದ್ದ ಗೆಳೆಯನ ೨೭ನ್ನು ತೊಟ್ಟು ಆಡಿದರಂತೆ. ವರದಿಗಾರ ನಂಬರ್ ನೋಡಿ ಆ ಗೆಳೆಯನ ಹೆಸರು ಬರೆದ. ‘ಅಪ್ಪನಿಗೆ ತೊಂಬತ್ತೆರಡು. ಕಣ್ಣು ಮುಚ್ಚುವ ಮೊದಲು ತನ್ನ ಹೆಸರು ಅಲ್ಲಿ ನೋಡಬೇಕು ಎನ್ನುತ್ತಾರೆ’ ಎಂದು ಬೇಡಿಕೊಂಡಿದ್ದಳು.

ಸಾಕ್ಷಿ ಇಲ್ಲದೆ ಬದಲಿಸಲಾಗದು ಎಂದು ಖಡಕ್ಕಾಗಿ ಉತ್ತರಿಸಿದೆ. ಎಪ್ಪತ್ತು ವರ್ಷ ಕಳೆದ ಮೇಲೆ ಯಾರು ಏನು ಬೇಕಾದರೂ ಹೇಳಬಹುದಲ್ಲ! ಮನೆಗೆ ಬಂದು ಹೆಂಡತಿ ಉಮಾವತಿಯ ಮುಂದೆ ಇದನ್ನೇ ಜಂಬದಿಂದ ಹೇಳಿಕೊಂಡೆ. ಅವಳು ಬಂಗುಡೆಗೆ ಮಸಾಲೆ ಹಚ್ಚುತ್ತಿದ್ದಳು.

“ಹೇಳೋದು ಆಚಾರ, ತಿನ್ನೋದು ಬದನೆಕಾಯಿ. ಲಕ್ಷಿತನಿಗೆ ನೀವು ಮಾಡಿದ್ದು ಎಂತದ್ದು ಮಾರಾಯ್ರೆ?”

ನನಗೆ ರೇಗಿತು. ಅವಳು ಹೇಳಿದ್ದು ನಿಜವಾಗಿತ್ತು, ಅದಕ್ಕೇ ರೇಗಿತು.

ಮಸ್ಕತ್ತಿನಲ್ಲಿ ನಮ್ಮ ಕರಾವಳಿಯವರ ಕಬಡ್ಡಿ ತಂಡವೊಂದಕ್ಕೆ ನಾನು ಮ್ಯಾನೇಜರ್. ಕಳೆದ ಚಳಿಗಾಲದ ಫೈನಲ್ ಹೊತ್ತಿಗೆ ನನ್ನ ಅಕ್ಕನ ಮಗ ಕಿಶನ್ ರಜೆಯಲ್ಲಿ ಊರಿಗೆ ಹೋಗಿದ್ದ. ಮಸ್ಕತ್ತಿನಿಂದ ಎರಡು ಗಂಟೆ ದಾರಿಯ ರುಸ್ತಾಕಿನ ಅಂಗಡಿಯೊಂದರಲ್ಲಿ ಕೆಲಸಕ್ಕಿರುವ ಲಕ್ಷಿತ್ ಒಳ್ಳೆಯ ರೈಡರ್. ಆದರೆ ಅವನು ಒಮಾನಿಗೆ ಬರುವಷ್ಟರಲ್ಲಿ ಆಟಗಾರರ ಪಟ್ಟಿ ಮುಗಿದಿತ್ತು. ಕಿಶನನ ಜೆರ್ಸಿ ಹಾಕಿಸಿ ಅವನನ್ನು ಇಳಿಸಿದೆ. ಕೊನೆಯ ರೈಡಿನಲ್ಲಿ ಅವನೇ ಕಪ್ ಗೆಲ್ಲಿಸಿದ. ಉತ್ತಮ ರೈಡರ್ ಎಂದು ಕಿಶನನ ಹೆಸರು ಕೂಗಿದಾಗ, ಹುಡುಗನಿಗೆ ಕಾಲುನೋವು ಎಂದು ಸುಳ್ಳು ಹೇಳಿ ನಾನೇ ವೇದಿಕೆ ಹತ್ತಿ ಬಹುಮಾನ ಇಸಿದುಕೊಂಡೆ. ಲಕ್ಷಿತ್ ಹಿಂದೆ ನಿಂತು ಚಪ್ಪಾಳೆ ತಟ್ಟುತ್ತಿದ್ದ.

ಮರುದಿನ ಆ ಕಾಲೇಜಿನವರ ಒಪ್ಪಿಗೆ ಪಡೆದು, ೨೭ರ ಕೆಳಗೆ ಡಿಯೋನ್ ಅವರ ಹೇಳಿಕೆಯನ್ನು ಅವರ ಹೆಸರಿನಲ್ಲೇ ಸೇರಿಸಿ, ಓಲಿವಿಯಾಳಿಗೆ ಕ್ಷಮೆ ಕೇಳಿ ಬರೆದೆ. ಅಷ್ಟು ಸುಲಭದ ಕೆಲಸ. ನಮ್ಮದಕ್ಕೆ ಮಾತ್ರ ರುಸ್ತಾಕಿಗೆ ಹೋಗಬೇಕಿತ್ತು.

ಶುಕ್ರವಾರ ಹೋದೆ. ಲಕ್ಷಿತ್ ಚಹಾ ತರಿಸಿದ.

“ಆಡಿದ್ದು ನೀನು ಅಂತ ಕಮಿಟಿಗೆ ಬರೀತೇನೆ ಮಾರಾಯ.”

“ಬೇಡ ಭೋಜಣ್ಣ. ಕಪ್ ವಾಪಸ್ ಹೋಗ್ತದೆ. ಉಳಿದವರು ಎಂತ ಪಾಪ ಮಾಡಿದ್ದಾರೆ? ಅದು ಖಲಾಸ್.” ಲೋಟ ಕೆಳಗಿಟ್ಟ. “ಒಂದು ಮಾಡ್ತೀರಾ? ಅಮ್ಮನಿಗೆ ಹೇಳಿ. ಗೆಲ್ಲಿಸಿದ್ದು ನಾನೇ ಅಂತ ಹೇಳಿದ್ದೆ. ನಮ್ಮೂರಿನ ವಾಟ್ಸಾಪ್ ಗ್ರೂಪಲ್ಲಿ ಕಿಶನ್ ಹೆಸರು ನೋಡಿದ್ದಾರೆ. ನಂಬುದಿಲ್ಲ.”

ಅವನೇ ಕರೆ ಹಚ್ಚಿ ಫೋನ್ ನನ್ನ ಕೈಗಿಟ್ಟ. ನಾನು ಯಾರೆಂದು ಹೇಳಿದೆ. “ಅಮ್ಮ, ಆ ದಿನ ಆಡಿದ್ದು ನಿಮ್ಮ ಮಗ. ಕಿಶನನ ಅಂಗಿ ಹಾಕಿಸಿದ್ದು ನಾನು.”



“ಹೌದಾ? ನಾನು ಅವನಿಗೆ ಬೈದುಬಿಟ್ಟೆನಲ್ಲ! ಇನ್ನೊಬ್ಬರು ಗೆದ್ದದ್ದನ್ನು ನಿನ್ನದು ಅಂತ ಹೇಳುವಷ್ಟು ಕೆಟ್ಟುಹೋದ್ಯಾ ಅಂತ ಕೇಳಿದೆ. ಆಮೇಲೆ ಅವನು ನನ್ನ ಹತ್ರ ಆಟದ ಸುದ್ದಿ ಎತ್ತಲೇ ಇಲ್ಲ.”

ತಪ್ಪು ನನ್ನದು ಎಂದೆ.

“ಅವನಿಗೆ ಕೊಡಿ,” ಎಂದರು. “ಹೇಗೆ ಆಡಿದ ಅಂತ ಅವನ ಬಾಯಲ್ಲೇ ಕೇಳ್ಬೇಕು ನನಗೆ.”

ಲಕ್ಷಿತ್ ಫೋನ್ ತಕ್ಕೊಂಡ. “ಅಮ್ಮ, ಮೊದಲು ಬಲಗಡೆಯ ಮೂಲೆಯವ...” ಎಂದು ಶುರು ಮಾಡಿದ. ಕೂತಲ್ಲಿಂದ ಎದ್ದು, ಅಮ್ಮನಿಗೆ ಕಾಣುವುದಿಲ್ಲ ಎಂಬುದನ್ನೂ ಮರೆತು, ಕಾಲಿನಿಂದ ನೆಲದ ಮೇಲೆ ಗೆರೆ ಎಳೆದು ತೋರಿಸತೊಡಗಿದ.