ಹಲ್ವಾ ಡಬ್ಬಿ

ಓಣಿಯ ತಿರುವಿನಲ್ಲಿ ಶವಪೆಟ್ಟಿಗೆ ಸಿಕ್ಕಿಕೊಂಡಿತು. ಮುಂದಿನ ಇಬ್ಬರು ಎಡಕ್ಕೆ ಎಳೆದರು, ಹಿಂದಿನ ಇಬ್ಬರು ಬಲಕ್ಕೆ ತಳ್ಳಿದರು. ಮೂಲೆ ಗೋಡೆಗೆ ಉಜ್ಜಿ ಹಳೆಯ ಸುಣ್ಣ ಪುಡಿಪುಡಿಯಾಗಿ ಉದುರಿತು.

"ನಿಧಾನ ಕಣ್ರೋ! ಒಳಗಿರೋದು ನನ್ನ ತಮ್ಮ, ಬಟ್ಟೆ ಬೀರು ಅಲ್ಲ," ಎಂದು ಬಹೀಯಾ ಅತ್ತೆ ಹಿಂದಿನಿಂದ ಕೂಗಿದರು.

"ಹೆಗಲು ಸಾಲ್ದು ಅಮ್ಮಾ," ಎಂದ ಗೋರಿ ಕಾಯುವ ಶಾಬಾನ್. "ಅಷ್ಟು ದೊಡ್ಡ ಪ್ರೊಫೆಸರ್ರು ಅಂತೀರಿ, ಜನ ಎಲ್ಲಿ? ಮೊನ್ನೆ ಇದೇ ಓಣೀಲಿ ಒಬ್ಬ ಗಾಡೀಲಿ ಬೇಯಿಸಿದ ಕಾಳು ಮಾರೋನನ್ನ ತಂದ್ರು. ನಾ ಮುಂದು ತಾ ಮುಂದು ಅಂತ ಹೆಗಲು ಕೊಡೋಕೆ ಜಗಳ."

ಶಹೀರಾ ಕಪ್ಪು ಕನ್ನಡಕವನ್ನು ಮೇಲಕ್ಕೆ ಸರಿಸಿಕೊಂಡಳು. ಅಪ್ಪನನ್ನು ಹೊತ್ತಿದ್ದವರು ಶಾಬಾನನ ಇಬ್ಬರು ಆಳುಗಳು, ಅವಳ ಗಂಡ ತಾಮೆರ್, ಮಾವನ ಕಾರಿನ ಚಾಲಕ. ಮಾವ ಇಜ್ಜತ್ ಪಾಶಾ ಮತ್ತು ಅವರ ಸಚಿವಾಲಯದ ಹಳೆಯ ಗೆಳೆಯರು ಧೂಳಿಗೆ ಪ್ಯಾಂಟಿನ ತುದಿ ಎತ್ತಿ ಹಿಡಿದು ದೂರದಲ್ಲಿ ಬರುತ್ತಿದ್ದರು. ಪಾಶಾ ಎಂಬ ಪದವಿ ದೇಶದಿಂದ ಹೋಗಿ ಎಷ್ಟೋ ಕಾಲವಾಯಿತು. ಆದರೂ ಜನ ಅವರನ್ನು ಹಾಗೇ ಕರೆಯುತ್ತಾರೆ, ಅವರೂ ಬೇಡ ಅನ್ನುವುದಿಲ್ಲ.

ಅತ್ತೆ ಅವಳ ತೋಳು ಹಿಡಿದರು. "ಫೆಕ್ರಿಯ ಮಕ್ಕಳೆಲ್ಲೇ?"

"ನಾನೊಬ್ಬಳೇ ಅಲ್ವಾ ಅತ್ತೆ."

"ನಿನ್ನ ವಿಷಯ ಯಾರು ಕೇಳಿದ್ರು? ಅವನ ವಿದ್ಯಾರ್ಥಿಗಳು. ಹಬ್ಬ ಬಂದ್ರೆ ಮನೆ ತುಂಬಾ ಅವರದೇ ಚಪ್ಪಲಿ. ಆ ರಅಫತ್ ಅಂತೂ ಕರೀದೇನೇ ಬರೋನು. ಅವನಿಗೆ ಹೇಳಿದ್ದೀಯಾ ಇಲ್ವಾ?"

"ಹೇಳಿದ್ದೀನಿ."

ಹೇಳಿದ್ದು ನಿಜ. ನಿನ್ನೆ ಸಂಜೆ ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತಿದ್ದಾಗ ರಅಫತನ ಫೋನು ಬಂದಿತ್ತು. ಐವತ್ತರ ಗಂಡಸು, ವಿಶ್ವವಿದ್ಯಾಲಯದ ವಿಭಾಗದ ಮುಖ್ಯಸ್ಥ, ಮಗುವಿನಂತೆ ಬಿಕ್ಕುತ್ತ "ಎಲ್ಲಿಗೆ ಬರ್ಬೇಕು ಅಕ್ಕಾ?" ಎಂದಿದ್ದ. "ಊರಿಗೆ. ತಾತನ ಊರಿಗೆ. ನಾಳೆ ಮಧ್ಯಾಹ್ನ," ಎಂದು ಅವಳ ಬಾಯಿಂದ ಬಂದಿತ್ತು. ತಾತನ ಊರು ಇರುವುದು ಉತ್ತರಕ್ಕೆ, ನೈಲ್ ಕವಲೊಡೆಯುವ ಹೊಲಗಳ ನಡುವೆ. ಗೋರಿ ಇರುವುದು ಇಲ್ಲಿ, ಕೈರೋದಲ್ಲಿ. ಅವರೆಲ್ಲ ಬಸ್ಸು ಮಾಡಿಕೊಂಡು ಅಲ್ಲಿಗೆ ಹೋಗಿ ಹುಡುಕಿ ತಿರುಗುವಷ್ಟರಲ್ಲಿ ಇಲ್ಲಿ ಎಲ್ಲ ಮುಗಿದು ಪಾಶಾ ಮನೆ ಸೇರಿರುತ್ತಾರೆ. ಅವಳ ಲೆಕ್ಕ ಅಷ್ಟೇ. ಮಾವನೂ ಆ ವಿದ್ಯಾರ್ಥಿಗಳೂ ಒಂದೇ ಅಂಗಳದಲ್ಲಿ ನಿಲ್ಲಬಾರದು.

ಪೆಟ್ಟಿಗೆ ಕಿರ್ರೆಂದು ತಿರುವು ದಾಟಿತು.

*

ಹಲ್ವಾ ಡಬ್ಬಿಯನ್ನು ಅಪ್ಪ ಮೊದಲು ತೂಗುಹಾಕಿದ್ದು ಅಡುಗೆಮನೆಯಲ್ಲಿ, ಒಲೆಯ ಮೇಲಿನ ಮೊಳೆಗೆ. ಆಗ ಶಹೀರಾ ಕಾಲೇಜಿನಲ್ಲಿದ್ದಳು.

ಅದಕ್ಕೂ ಕೆಲವು ತಿಂಗಳ ಹಿಂದೆ ಅಪ್ಪನ ತಂಡದ ಉಪಗ್ರಹ ಮೇಲೆ ಹೋಗಿತ್ತು. ಹುದ್‌ಹುದ್ ಎಂದು ಹೆಸರು. ಸುದ್ದಿ ತರುವ ಹಕ್ಕಿಯ ಹೆಸರು. ಟ್ರಂಕಿನಷ್ಟೇ ದೊಡ್ಡದು. ಅದನ್ನು ಕಟ್ಟುವಾಗ ಅಪ್ಪ ವಿದ್ಯಾರ್ಥಿಗಳಿಗೆ ಒಬ್ಬೊಬ್ಬರಿಗೆ ಒಂದೊಂದು ಭಾಗ ಹಂಚಿದ್ದರು. ಪ್ರತಿ ಭಾಗಕ್ಕೂ ಅದರದೇ ಪೆಟ್ಟಿಗೆ. ಯಾವುದೇ ತೊಂದರೆ ಬರಲಿ, ತಂಡಕ್ಕೆ ಅವರದು ಒಂದೇ ಕಟ್ಟಳೆ: ಮೊದಲು ನಿನ್ನ ಪೆಟ್ಟಿಗೆ ಬಿಚ್ಚು. ಬೇರೆಯವರ ಪೆಟ್ಟಿಗೆಯ ಕಡೆ ಬೆರಳು ತೋರಿಸಿದವನಿಗೆ ಅಂದು ಇಡೀ ತಂಡಕ್ಕೆ ಚಹಾ ಕಾಯಿಸುವ ಶಿಕ್ಷೆ.

ರಾಕೆಟ್ಟಿನಿಂದ ಕಳಚಿಕೊಂಡ ಉಪಗ್ರಹ ಮೊದಮೊದಲು ಗಿರಕಿ ಹೊಡೆಯುತ್ತಿರುತ್ತದೆ. ಒಳಗಿನ ತಂತಿಸುರುಳಿಗಳು ಭೂಮಿಯ ಕಾಂತಶಕ್ತಿಗೆ ಒತ್ತುಕೊಟ್ಟು ಆ ಗಿರಕಿಯನ್ನು ನಿಲ್ಲಿಸಬೇಕು. ಹುದ್‌ಹುದ್ ನಿಲ್ಲಲಿಲ್ಲ. ಉಯ್ಯಾಲೆಯನ್ನು ಹಿಡಿದು ನಿಲ್ಲಿಸಬೇಕಾದ ಕೈಯೇ ಹಿಂದಿನಿಂದ ನೂಕಿದ ಹಾಗೆ ಜೋರು ಜೋರಾಗಿ ತಿರುಗಿತು, ರೆಕ್ಕೆ ಕಳಚಿಕೊಂಡಿತು, ಸದ್ದಡಗಿತು. ತಂಡದವರೆಲ್ಲ ತಮ್ಮ ತಮ್ಮ ಪೆಟ್ಟಿಗೆ ಬಿಚ್ಚಿ ಲೆಕ್ಕ ನೋಡಿದರು. ಕೊನೆಗೆ ಎದ್ದು ನಿಂತವರು ಅಪ್ಪ. ಅವರು ಬರೆದ ಲೆಕ್ಕದಲ್ಲಿ ಮೈನಸ್ ಇರಬೇಕಾದಲ್ಲಿ ಪ್ಲಸ್ ಇತ್ತು. ವಿಚಾರಣೆಯ ಮೇಜಿನ ಮುಂದೆ "ಇದು ನನ್ನ ಕೈಬರಹ. ಹುಡುಗರದು ಏನೂ ಇಲ್ಲ," ಎಂದರು.

ಅಲ್ಲಿಗೆ ಸುಮ್ಮನಾಗಿದ್ದರೂ ಆಗುತ್ತಿತ್ತು. ಅವರು ಖಾಲಿ ಹಲ್ವಾ ಡಬ್ಬಿಯೊಳಗೆ ತಂತಿ ಸುತ್ತಿ, ಬ್ಯಾಟರಿ ಕೂರಿಸಿ, ದಾರ ಕಟ್ಟಿದರು. ಬದಿಗೆ ಒಂದು ಅಯಸ್ಕಾಂತ. ತಂತಿ ಸರಿಯಾಗಿ ಸಿಕ್ಕಿಸಿದರೆ ತಿರುಗುವ ಡಬ್ಬಿ ಮೆಲ್ಲಗೆ ನಿಲ್ಲುತ್ತಿತ್ತು. ಅದಲುಬದಲು ಮಾಡಿದರೆ ಹುಚ್ಚು ಹಿಡಿದಂತೆ ಸುತ್ತುತ್ತಿತ್ತು. ಪ್ರತಿ ವರ್ಷ ಹೊಸ ತರಗತಿಯ ಮೊದಲ ದಿನ ಅದನ್ನು ತೂಗುಹಾಕಿ, "ನೋಡಿ ಮಕ್ಕಳೇ, ಇದು ನಾನು," ಎನ್ನುತ್ತಿದ್ದರು. ಮಕ್ಕಳು ನಗುತ್ತಿದ್ದರು, ಅವರೂ ನಗುತ್ತಿದ್ದರು.

ಕಾಲೇಜಿನ ಅಂಗಳದಲ್ಲಿ ಹುಡುಗಿಯರು ಶಹೀರಾಳನ್ನು ಕಂಡರೆ ಎರಡೂ ಕೈ ಚಾಚಿ ಗಿರಗಿರನೆ ತಿರುಗಿ, ಪೀಂ ಪೀಂ ಎಂದು ಕೂಗಿ ಧೊಪ್ಪನೆ ಬೀಳುತ್ತಿದ್ದರು. ಅವಳು ಮನೆಗೆ ಬಂದು ಡಬ್ಬಿಯನ್ನು ಮೊಳೆಯಿಂದ ಕಿತ್ತು ಎಸೆದಳು. ಅಪ್ಪ ಅದನ್ನೆತ್ತಿಕೊಂಡು, ಸೊಟ್ಟಗಾದ ಮುಚ್ಚಳವನ್ನು ಹೆಬ್ಬೆರಳಿನಿಂದ ಒತ್ತಿ ಸರಿಮಾಡಿ, ಪ್ರಯೋಗಶಾಲೆಗೆ ಒಯ್ದರು.

ತಾಮೆರನ ಮನೆಯಿಂದ ಸಂಬಂಧ ಕೇಳಿ ಬಂದಾಗ ಇಜ್ಜತ್ ಪಾಶಾ ಅವಳನ್ನೇ ಕೇಳಿದ್ದರು: "ಆ ತಿರುಗಿದ ಉಪಗ್ರಹ, ಅದು ನಿಮ್ಮಪ್ಪನದೇ ಅಲ್ವೇನಮ್ಮಾ?"

"ತಪ್ಪು ಒಬ್ಬ ವಿದ್ಯಾರ್ಥಿದು," ಎಂದಳು ಶಹೀರಾ. "ಅಪ್ಪ ಅವನನ್ನ ಉಳಿಸೋಕೆ ತಮ್ಮ ಮೇಲೆ ಹಾಕೊಂಡ್ರು."

ನಿಶ್ಚಿತಾರ್ಥದ ಊಟದಲ್ಲಿ ಅಕ್ಕಿ ತುಂಬಿದ ಪಾರಿವಾಳ ಬಡಿಸಿದ್ದರು. ಎಲ್ಲರೂ ಕೇಳುವ ಹಾಗೆ ಪಾಶಾ ಹೇಳಿದರು: "ದೊಡ್ಡ ಮನಸ್ಸು ನಿಮ್ಮದು ಡಾಕ್ಟ್ರೇ. ಒಬ್ಬ ಹುಡುಗನ ತಪ್ಪನ್ನ ತಲೆ ಮೇಲೆ ಹೊತ್ಕೊಳ್ಳೋದು ಅಂದ್ರೆ ಸಾಮಾನ್ಯಾನಾ?" ಅಪ್ಪ ಕೈಯಲ್ಲಿದ್ದ ತುಂಡನ್ನು ತಟ್ಟೆಗಿಟ್ಟು ಮಗಳ ಕಡೆ ನೋಡಿದರು. ಅವಳು ತಲೆಯೆತ್ತಲಿಲ್ಲ. ಅನ್ನದ ಅಗುಳನ್ನು ಬೆರಳಿನಿಂದ ತಟ್ಟೆಯ ಅಂಚಿಗೆ ಸರಿಸುತ್ತಿದ್ದಳು. ಅಪ್ಪ, "ಒಂಚೂರು ನೀರು ಕೊಡ್ತೀರಾ?" ಎಂದರು.

ಮನೆಗೆ ಮರಳುವಾಗ ಟ್ಯಾಕ್ಸಿಯಲ್ಲಿ ಅವಳು ಬೈಗುಳಕ್ಕೆ ಕಾದಳು. ಸೇತುವೆ ದಾಟಿದ ಮೇಲೆ ಅಪ್ಪ ಕೇಳಿದರು:

"ಆ ವಿದ್ಯಾರ್ಥಿಗೆ ಹೆಸರೂ ಇಟ್ಟಿದ್ದೀಯಾ?"

"ಇಲ್ಲಪ್ಪ."

"ಇಡಬೇಡ."

ಮತ್ತೆಂದೂ ಆ ಮಾತು ಎತ್ತಲಿಲ್ಲ. ಅವಳ ಮಾವನ ಮನೆಗೆ ಹಬ್ಬಕ್ಕೆ ಬರುತ್ತಿದ್ದರು, ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದರು, ಹೋಗುತ್ತಿದ್ದರು.

*

ಮನೆತನದ ಗೋರಿಯ ಅಂಗಳದಿಂದ ಅಪ್ಪನನ್ನು ನೆಲದಡಿಯ ಕೋಣೆಗೆ ಇಳಿಸಿ, ಬಲಮಗ್ಗುಲಿಗೆ ಮಲಗಿಸಿ, ಮೆಟ್ಟಿಲ ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮೆತ್ತಿದರು. ಶೇಖ್ ಅಂಗಳದ ನಡುವೆ ನಿಂತರು.

"ನಿಮ್ಮ ಸೋದರನಿಗಾಗಿ ಬೇಡಿಕೊಳ್ಳಿ. ಕೆಳಗೆ ಈಗ ದೇವದೂತರ ಮುಂದೆ ಅವನ ವಿಚಾರಣೆ ನಡೀತಿದೆ. ಅವನಿಂದ ಯಾರಿಗಾದ್ರೂ ನೋವಾಗಿದ್ರೆ ಕ್ಷಮಿಸಿಬಿಡಿ."

"ಕ್ಷಮಿಸಿದ್ದೀವಿ," ಎಂದರು. ತೆಳ್ಳಗಿನ ಆರೇಳು ದನಿ. ವಿಚಾರಣೆ ಎಂಬ ಮಾತಿಗೆ ಶಹೀರಾ ಚಪ್ಪಡಿಯ ಕಡೆ ತಿರುಗಿದಳು. ಅಪ್ಪ ಕೆಳಗೂ ಎದ್ದು ನಿಂತು ಇದು ನನ್ನ ಕೈಬರಹ ಎನ್ನುತ್ತಿರಬಹುದೇ? ಅಥವಾ ಮಗಳ ಮುಖ ನೋಡಿ ನೀರು ಕೇಳುತ್ತಿರಬಹುದೇ?

"ಅವರನ್ನ ಬಲ್ಲವರು ಎರಡು ಮಾತು ಹೇಳಿ," ಎಂದರು ಶೇಖ್.

ಪಾಶಾ ಮುಂದೆ ಬಂದರು. "ಮೃದು ಸ್ವಭಾವದ ಮನುಷ್ಯ. ಮೌನಿ. ಇಷ್ಟು ವರ್ಷ ನಮ್ಮ ಮನೆಗೆ ಬಂದು ಹೋದ್ರು, ನೀರು ಕೇಳಿದ್ದು ಬಿಟ್ರೆ ಅವರ ಬಾಯಿಂದ ನಾನು ಬೇರೆ ಮಾತೇ ಕೇಳಿಲ್ಲ."

ಬುಟ್ಟಿಯಿಂದ ಬಡವರಿಗೆ ರೊಟ್ಟಿ ಹಂಚುತ್ತಿದ್ದ ಅತ್ತೆಯ ಕೈ ಅಲ್ಲೇ ನಿಂತಿತು. "ಯಾರು? ಫೆಕ್ರೀನಾ ಮೌನಿ? ನಿದ್ದೇಲೂ ಬಾಯಿ ಮುಚ್ತಿರಲಿಲ್ಲವಲ್ಲ ಅವನು! ಚಿಕ್ಕೋನಿದ್ದಾಗ ನಮ್ಮ ಶುಬ್ರಾ ಕೇರೀಲಿ ಮಾಳಿಗೆ ಮೇಲೆ ಪಾರಿವಾಳಕ್ಕೂ ಪಾಠ ಹೇಳ್ತಿದ್ದ. ನಿಮ್ಮ ಮನೇಲಿ ಏನು ಹಾಕಿ ಕುಡಿಸಿದ್ರಿ ಪಾಶಾ ಅವನಿಗೆ, ಆ ನೀರಲ್ಲಿ?"

ಒಬ್ಬಿಬ್ಬರು ನಗು ಅದುಮಿಕೊಂಡರು. ಪಾಶಾ ಕೂಡ ಮುಗುಳ್ನಕ್ಕರು. ಶಹೀರಾ ಮಾತ್ರ ಚಪ್ಪಡಿಯ ಅಂಚಿನ ಒದ್ದೆ ಮಣ್ಣು ನೋಡುತ್ತಿದ್ದಳು. ಇನ್ನೇನು, ಎಲ್ಲರೂ ಹೊರಡುತ್ತಾರೆ.

ಆಗ ಓಣಿಯಲ್ಲಿ ಬಹಳ ಜನ ಒಟ್ಟಿಗೆ ಓಡುವ ಸದ್ದಾಯಿತು.

ಮೊದಲು ಒಳಗೆ ಬಂದವನು ರಅಫತ್. ಪ್ಯಾಂಟು ಮೊಣಕಾಲವರೆಗೆ ಹೊಲದ ಕೆಸರು. ಹಿಂದೆ ಮನಾಲ್, ಅಪ್ಪನ ಪ್ರಯೋಗಶಾಲೆಯನ್ನು ಈಗ ನೋಡಿಕೊಳ್ಳುವವಳು, ಕಂಕುಳಲ್ಲಿ ಒಂದು ಬಟ್ಟೆಗಂಟು. ಅವರ ಹಿಂದೆ ನರೆತ ತಲೆಯವರು, ಎಳೆ ಗಡ್ಡದವರು, ಹೆಂಗಸರು, ಗಂಡಸರು. ಅಂಗಳ ತುಂಬಿತು, ಓಣಿ ತುಂಬಿತು, ಶಾಬಾನ್ ಹಾದಿ ಬಿಟ್ಟು ಗೋಡೆ ಹತ್ತಿ ಕುಳಿತ.

ಚಪ್ಪಡಿ ಮುಚ್ಚಿದ್ದು ನೋಡಿ ರಅಫತ್ ಅಲ್ಲೇ ಕುಸಿದ. ಆಮೇಲೆ ಎದ್ದು ಶಹೀರಾಳ ಹತ್ತಿರ ಬಂದ.

"ತಪ್ಪು ನನ್ನದು ಅಕ್ಕಾ. ಎಲ್ಲರನ್ನೂ ಊರಿಗೆ ಕರಕೊಂಡು ಹೋಗಿಬಿಟ್ಟೆ. ಅಲ್ಲಿ ಒಬ್ರು ಅಜ್ಜ, ಫೆಕ್ರಿ ಮನೆಯವರ ಗೋರಿ ಕೈರೋದಲ್ಲಪ್ಪಾ ಇರೋದು ಅಂದ್ರು. ನೀವು ಆ ದುಃಖದಲ್ಲಿ ಏನು ಹೇಳಿದ್ರೋ, ಏನೋ. ನಾನಲ್ವಾ ಇನ್ನೊಬ್ಬರನ್ನ ಕೇಳಿ ಖಚಿತ ಮಾಡ್ಕೋಬೇಕಿತ್ತು?"

"ಇಲ್ಲ ಇಲ್ಲ, ನನ್ನದು," ಎಂದಳು ಮನಾಲ್, ಮೂಗು ಒರೆಸಿಕೊಳ್ಳುತ್ತ. "ಬಹೀಯಾ ಅಮ್ಮನ ನಂಬರು ನನ್ನತ್ರ ಇತ್ತು. ಒಂದು ಮಾತು ಕೇಳಿದ್ರೆ ಆಗ್ತಿತ್ತು."

"ಬಸ್ಸು ಹೊರಡಿಸಿದ್ದು ನಾನು," ಎಂದ ಹಿಂದಿನಿಂದ ಇನ್ನೊಬ್ಬ.

ಬಸ್ಸಿನಲ್ಲಿ ಮರಳುವಾಗ ಎಲ್ಲರೂ ಅಪ್ಪನ ಕಟ್ಟಳೆಯಂತೆ ತಮ್ಮ ತಮ್ಮ ಪೆಟ್ಟಿಗೆ ಬಿಚ್ಚಿ ನೋಡಿಕೊಂಡು ಬಂದಿದ್ದರು. ಅವಳ ಪೆಟ್ಟಿಗೆಯ ಕಡೆ ಒಬ್ಬನೂ ಬೆರಳು ತೋರಿಸಲಿಲ್ಲ. ಅತ್ತೆ ರೊಟ್ಟಿಯ ಬುಟ್ಟಿಯನ್ನು ನಿಧಾನವಾಗಿ ಕೆಳಗಿಟ್ಟು ಶಹೀರಾಳನ್ನು ನೋಡಿದರು. ಕನ್ನಡಕದ ಹಿಂದೆ ಶಹೀರಾಳ ಕಣ್ಣು ಸುಟ್ಟಂತೆ ಉರಿಯಿತು. ಈಗಲೇ ಹೇಳಿಬಿಡಬೇಕು ಅಂದುಕೊಂಡಳು. ಬಾಯಿ ತೆರೆದಳು.

"ಇವರೇನಾ ಡಾಕ್ಟ್ರ ವಿದ್ಯಾರ್ಥಿಗಳು?" ಪಾಶಾ ಅಷ್ಟರಲ್ಲಿ ನಡುವೆ ಬಂದು ನಿಂತಿದ್ದರು. ದನಿಯಲ್ಲಿ ಗದರಿಕೆ ಇರಲಿಲ್ಲ. ಒಳ್ಳೆಯದೊಂದನ್ನು ಮಾಡಹೊರಟವರ ಬೆಚ್ಚನೆಯ ದನಿ ಅದು. "ಹಾಗಾದ್ರೆ ಆ ಹುಡುಗನೂ ಇಲ್ಲೇ ಇರಬೇಕು. ಯಾರಪ್ಪಾ ಅದು, ಉಪಗ್ರಹದಲ್ಲಿ ಪ್ಲಸ್ಸು ಮೈನಸ್ಸು ಅದಲುಬದಲು ಮಾಡಿ ಮೇಷ್ಟ್ರ ತಲೆಗೆ ತಂದಿದ್ದು? ಹೆದರಬೇಡ. ಇವತ್ತು ಕ್ಷಮಿಸೋ ದಿನ."

ಆ ಕತೆಯನ್ನು ಅಪ್ಪನ ಬಾಯಿಂದಲೇ ಕೇಳಿ, ನಕ್ಕು, ಪಾಠ ಕಲಿತವರು ಅವರೆಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮನಾಲಳ ಹುಬ್ಬು ಗಂಟಾಯಿತು, "ಏನು ಹೇಳ್ತಿದ್ದೀರಿ ನೀವು, ಅದು ಮೇಷ್ಟ್ರೇ..." ಎಂದು ಶುರುಮಾಡಿದಳು.

ರಅಫತ್ ಅವಳ ತೋಳು ಮುಟ್ಟಿದ. ಅವನು ನೋಡುತ್ತಿದ್ದುದು ಪಾಶಾರನ್ನಲ್ಲ. ಶಹೀರಾಳನ್ನು. ಅವಳ ಕನ್ನಡಕದ ಕೆಳಗೆ ಇಳಿದ ಹನಿಯನ್ನು, ಅವಳ ಪಕ್ಕ ನಿಂತ ತಾಮೆರನನ್ನು, ಆ ಸೂಟಿನವರನ್ನು ಒಂದೊಂದಾಗಿ ನೋಡಿದ. ತಾತನ ಊರಿಗೆ ಯಾಕೆ ಕಳಿಸಿದಳೆಂಬುದು ಅವನಿಗೆ ತಿಳಿದುಹೋಯಿತು. ತಿಳಿದದ್ದು ಅವಳಿಗೂ ತಿಳಿಯಿತು.

"ನಾನೇ ಪಾಶಾ," ಎಂದ ರಅಫತ್.

ಜನರ ನಡುವೆ ಗುಜುಗುಜು ಎದ್ದು ಅಡಗಿತು. ಪಾಶಾ ಅವನ ಹೆಗಲ ಮೇಲೆ ಕೈಯಿಟ್ಟರು. "ಒಪ್ಪಿಕೊಂಡೆಯಲ್ಲ, ಅದೇ ದೊಡ್ಡದು. ಮಣ್ಣೊಳಗಿರೋರು ಎಂದೋ ಕ್ಷಮಿಸಿರ್ತಾರೆ. ಶಹೀರಾ, ಮಗಳೇ, ನೀನೂ ಒಂದು ಮಾತು ಹೇಳಿಬಿಡಮ್ಮಾ. ಈ ಮನುಷ್ಯನಿಗೂ ನೆಮ್ಮದಿಯಾಗಲಿ."

ಎಲ್ಲರೂ ಅವಳತ್ತ ತಿರುಗಿದರು. ಶೇಖ್ ಕೂಡ ಕೈಯೆತ್ತಿಕೊಂಡು ಕಾದರು. ಟ್ಯಾಕ್ಸಿಯಲ್ಲಿ ಅಪ್ಪ ಇಡಬೇಡ ಅಂದ ಹೆಸರು ಈಗ ಅವಳ ನಾಲಿಗೆಯ ಮೇಲಿತ್ತು.

"ಕ್ಷಮಿಸಿದ್ದೀನಿ ರಅಫತ್," ಎಂದಳು. ದನಿ ಅಂಗಳದ ಆಚೆ ತುದಿಗೂ ಕೇಳುವಷ್ಟು ಸ್ಪಷ್ಟವಾಗಿತ್ತು.

"ದೇವರು ಒಳ್ಳೇದು ಮಾಡ್ಲಿ ಅಕ್ಕಾ," ಎಂದ ಅವನು, ತಲೆ ತಗ್ಗಿಸಿ.

ಬಹೀಯಾ ಅತ್ತೆ ಮುಖ ಅತ್ತ ತಿರುಗಿಸಿ ತಲೆಮುಸುಕಿನ ಅಂಚಿನಿಂದ ಬಾಯಿ ಮುಚ್ಚಿಕೊಂಡರು.

ಒಬ್ಬೊಬ್ಬರಾಗಿ ಚಪ್ಪಡಿಯ ಬಳಿ ಬಾಗಿ, ಹಿಡಿ ಮಣ್ಣು ಹಾಕಿ, ಪಕ್ಕಕ್ಕೆ ಸರಿದರು. ಕೊನೆಗೆ ಮನಾಲ್ ಬಟ್ಟೆಗಂಟು ಬಿಚ್ಚಿ ಶಹೀರಾಳ ಮುಂದೆ ಹಿಡಿದಳು. ಅವಳ ಮುಖ ನೋಡಲಿಲ್ಲ. ಒಳಗೆ ಆ ಹಲ್ವಾ ಡಬ್ಬಿ. ಬ್ಯಾಟರಿ ಎಂದೋ ಸತ್ತಿತ್ತು. ಮುಚ್ಚಳದ ಅಂಚಿನಲ್ಲಿ ಹಳೆಯ ತಗ್ಗು ಹಾಗೇ ಇತ್ತು.

ಶಹೀರಾ ದಾರದ ತುದಿ ಹಿಡಿದು ಎತ್ತಿದಳು. ಮಡಿಚಿಟ್ಟಿದ್ದ ದಾರದ ತಿರುಚು ಬಿಚ್ಚಿಕೊಂಡು ಡಬ್ಬಿ ತಿರುಗತೊಡಗಿತು. ಅದು ನಿಲ್ಲಲಿ ಎಂದು ಆ ಅಂಗಳದಲ್ಲಿದ್ದ ಅಷ್ಟೂ ಎಂಜಿನಿಯರುಗಳು, ಅಭ್ಯಾಸಬಲದಿಂದ, ನಿಂತಲ್ಲೇ ನಿಂತು ನೋಡಿದರು.

"ಅದಾಗಿ ಅದೇ ನಿಲ್ಲತ್ತೆ," ಎಂದ ರಅಫತ್ ಮೆಲ್ಲಗೆ. "ಕೈ ಅಲ್ಲಾಡಿಸಬೇಡಿ, ಅಷ್ಟೇ."

ಅವಳು ಬಲಗೈಯ ಮಣಿಕಟ್ಟನ್ನು ಎಡಗೈಯಿಂದ ಗಟ್ಟಿಯಾಗಿ ಹಿಡಿದುಕೊಂಡಳು. ಆದರೂ ಡಬ್ಬಿ ತಿರುಗುತ್ತಲೇ ಇತ್ತು. ಒಮ್ಮೆ ಮಾಸಿದ ಕೆಂಪು ಚಿತ್ರ, ಒಮ್ಮೆ ತುಕ್ಕು, ಒಮ್ಮೆ ಚಿತ್ರ, ಒಮ್ಮೆ ತುಕ್ಕು.